ವ್ಯೂಸ್ ಎರಡು ಲಕ್ಷ, ಗಿರಾಕಿ ಮಾತ್ರ ಹಳಬರೇ: ಏನು ಮಾಡಲಿ?

ಪ್ರಶ್ನೆ: ಸರ್, ಮೈಸೂರಿನ ದಟ್ಟಗಳ್ಳಿಯಲ್ಲಿ ಮನೆ ಮುಂದಿನ ರೂಮಿನಲ್ಲೇ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಆರಿ ವರ್ಕ್, ಸೀರೆ ಕುಚ್ಚು, ಫಾಲ್ ಎಲ್ಲಾ ಮಾಡುತ್ತೇವೆ. ನನ್ನ ಜೊತೆ ಇಬ್ಬರು ಹುಡುಗಿಯರಿದ್ದಾರೆ. ಇನ್‌ಸ್ಟಾಗ್ರಾಮ್‌ನಲ್ಲಿ 11 ಸಾವಿರ ಫಾಲೋವರ್ಸ್ ಆಗಿದ್ದಾರೆ, ಒಂದು ರೀಲ್‌ಗಂತೂ 2 ಲಕ್ಷ ವ್ಯೂಸ್ ಬಂತು. ಆದರೆ ಅಂಗಡಿಗೆ ಬರುವವರು ಮೊದಲಿನ ಗಿರಾಕಿಗಳೇ. ‘ಪ್ರೈಸ್ ಪ್ಲೀಸ್’ ಅಂತ ಮೆಸೇಜ್ ಬರುತ್ತೆ, ರೇಟ್ ಹೇಳಿದ ಮೇಲೆ ಸುದ್ದಿಯೇ ಇಲ್ಲ. ದುಡ್ಡು ಹಾಕಿ ಪೋಸ್ಟ್ ಬೂಸ್ಟ್ ಮಾಡಲಾ, ಅಂದರೆ ಜಾಹೀರಾತಾಗಿ ಓಡಿಸಲಾ? ಒಬ್ಬರು ತಿಂಗಳಿಗೆ 8 ಸಾವಿರ ಕೊಟ್ಟರೆ ಪೇಜ್ ಪೂರ್ತಿ ನೋಡಿಕೊಳ್ಳುತ್ತೇನೆ ಅಂತಿದ್ದಾರೆ, ಕೊಡಲಾ? ಫೇಸ್‌ಬುಕ್ ಪೇಜ್ ಸುಮ್ನೆ ಬಿದ್ದಿದೆ, ತೆಗೆದುಬಿಡಲಾ?

ಉತ್ತರ: ಮೇಡಂ, ಬೂಸ್ಟ್ ಬಟನ್ ಒತ್ತುವ ಮುಂಚೆ ಒಂದು ಕೆಲಸ ಮಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಇನ್‌ಸೈಟ್ಸ್ (ಪೇಜನ್ನು ಯಾರು ನೋಡುತ್ತಿದ್ದಾರೆ ಅನ್ನುವ ಲೆಕ್ಕ) ತೆರೆದು, ನಿಮ್ಮ ಫಾಲೋವರ್ಸ್ ಯಾವ ಯಾವ ಊರಿನವರು ಅಂತ ನೋಡಿ. ಅಕೌಂಟ್ ಇನ್ನೂ ಪರ್ಸನಲ್ ಆಗಿದ್ದರೆ ಇದು ಕಾಣುವುದಿಲ್ಲ, ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೆಷನಲ್ ಮಾಡಿಕೊಳ್ಳಿ, ದುಡ್ಡೇನೂ ಇಲ್ಲ. ಪಟ್ಟಿಯಲ್ಲಿ ಬೆಂಗಳೂರು, ಹೈದರಾಬಾದ್, ಚೆನ್ನೈ ಎಲ್ಲಾ ಮೇಲಿದ್ದು ಮೈಸೂರು ಕೆಳಗೆಲ್ಲೋ ಇದ್ದರೆ ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿಬಿಡುತ್ತೆ.

ಆ 2 ಲಕ್ಷದ ರೀಲ್ ಯಾವುದು ಅಂತ ನೀವು ಬರೆದಿಲ್ಲ, ಆದರೂ ಊಹೆ ಮಾಡುತ್ತೇನೆ. ಸ್ಟ್ಯಾಂಡಿಗೆ ಬಿಗಿದ ಬಟ್ಟೆ, ಆರಿ ಸೂಜಿ ಓಡುತ್ತಾ ಇದೆ, ಒಂದೊಂದೇ ಮಣಿ ಕೂರುತ್ತಾ ಇದೆ, ಹತ್ತಿರದಿಂದ ತೆಗೆದ ವಿಡಿಯೊ. ಅಂಥದ್ದೇ ಅಲ್ವಾ? ಅದು ನೋಡಲು ಚೆಂದ, ಹಾಗಾಗಿ ಓಡುತ್ತೆ. ಆದರೆ ಅದನ್ನು ಕೊನೆತನಕ ನೋಡುವವರು ಯಾರು? ಜಾಸ್ತಿ ಮಂದಿ ಆರಿ ಕಲಿಯುತ್ತಿರುವವರು, ಮನೆಯಲ್ಲಿ ಹೊಲಿಯುವವರು, ಬೇರೆ ಊರಿನ ಟೈಲರ್‌ಗಳು. ಕಾಮೆಂಟ್ ಓದಿದರೆ ಗೊತ್ತಾಗುತ್ತೆ. ‘ಸೂಜಿ ಯಾವ ನಂಬರ್?’, ‘ದಾರ ಎಲ್ಲಿ ತಗೊಂಡ್ರಿ?’, ‘ಕ್ಲಾಸ್ ತಗೋತೀರಾ?’ ಅಂತಿದ್ದರೆ ಅವರು ನಿಮ್ಮ ಗಿರಾಕಿ ಅಲ್ಲ, ನಿಮ್ಮ ಕಸುಬಿನವರೇ. ‘ಪ್ರೈಸ್ ಪ್ಲೀಸ್’ ಅನ್ನುವವರಲ್ಲೂ ಕೆಲವರು ತಮ್ಮ ಊರಿನಲ್ಲಿ ತಾವು ಎಷ್ಟು ಹೇಳಬಹುದು ಅಂತ ತಿಳಿಯಲು ಕೇಳುವವರು. ಅದರಲ್ಲಿ ತಪ್ಪೇನಿಲ್ಲ, ಆದರೆ ಅವರಿಗೋಸ್ಕರ ನೀವು ರಾತ್ರಿ ಹನ್ನೊಂದು ಗಂಟೆಗೆ ಕೂತು ಉತ್ತರ ಬರೆಯಬೇಕಾಗಿಲ್ಲ.

ಇದು ನಿಮ್ಮ ತಪ್ಪೂ ಅಲ್ಲ. ರೀಲ್ಸ್ ಮಾಡಿರುವುದೇ ಹಾಗೆ. ನಮ್ಮ ದೇಶಕ್ಕೆ ಅದು ಬಂದದ್ದು 2020ರ ಜುಲೈನಲ್ಲಿ, ಟಿಕ್‌ಟಾಕ್ ಬ್ಯಾನ್ ಆದ ಬೆನ್ನಿಗೇ. ನಿಮ್ಮನ್ನು ಗೊತ್ತೇ ಇಲ್ಲದವರಿಗೆ, ಅವರಿಗೆ ಇಷ್ಟವಾಗಬಹುದು ಅನ್ನಿಸಿದ್ದನ್ನು ತೋರಿಸುವುದು ಅದರ ಕೆಲಸ. ನೋಡುವವರು ಬೋಗಾದಿಯಲ್ಲಿದ್ದಾರೋ ಭೋಪಾಲದಲ್ಲಿದ್ದಾರೋ ಅನ್ನುವುದು ಅದಕ್ಕೆ ದೊಡ್ಡ ವಿಷಯವಲ್ಲ. ನಿಮಗೆ ಅದೇ ದೊಡ್ಡ ವಿಷಯ. ಬ್ಲೌಸ್ ಹೊಲಿಸುವವರು ಅಳತೆ ಕೊಡಲು ಒಮ್ಮೆ, ಟ್ರಯಲ್‌ಗೆ ಒಮ್ಮೆ, ತಗೊಂಡು ಹೋಗಲು ಒಮ್ಮೆ ಬರಬೇಕು. ಐದಾರು ಕಿಲೋಮೀಟರ್ ದಾಟಿದ ಮೇಲೆ ಯಾರೂ ಇಷ್ಟು ಸಲ ಬರುವುದಿಲ್ಲ, ಮದುವೆ ಬ್ಲೌಸ್ ಆದರೆ ಮಾತು ಬೇರೆ. ಅಂದರೆ ನಿಮ್ಮ ಪೇಜು ನೋಡಬೇಕಾದವರು ದಟ್ಟಗಳ್ಳಿ, ರಾಮಕೃಷ್ಣನಗರ, ಬೋಗಾದಿ, ಕುವೆಂಪುನಗರ, ಶ್ರೀರಾಂಪುರ ಈ ಕಡೆಯ ಹೆಂಗಸರು. ಅವರಲ್ಲಿ ಐನೂರು ಜನ ಫಾಲೋ ಮಾಡಿದರೂ ಸಾಕು, ಈ ಹನ್ನೊಂದು ಸಾವಿರಕ್ಕಿಂತ ಅದು ಮೇಲು.

ಈಗ ಅಸಲಿ ವಿಷಯಕ್ಕೆ ಬರೋಣ. ಹೊಸ ಟೈಲರ್ ಹತ್ತಿರ ಹೋಗಲು ಹೆಂಗಸರು ಯಾಕೆ ಹಿಂದೆ ಮುಂದೆ ನೋಡುತ್ತಾರೆ? ರೇಟಿಗಲ್ಲ. ಭಯಕ್ಕೆ. ಮೈಸೂರು ಸಿಲ್ಕ್ ಸೀರೆ ತಗೊಂಡಿರುತ್ತಾರೆ, ಅದರ ಜೊತೆ ಬಂದಿರುವುದು ಒಂದೇ ಬ್ಲೌಸ್ ಪೀಸ್. ಕತ್ತರಿ ತಪ್ಪಾಗಿ ಬಿದ್ದರೆ ಅದೇ ಬಣ್ಣ, ಅದೇ ಜರಿಯ ಬಟ್ಟೆ ಎಲ್ಲಿಂದ ತರುವುದು? ಇನ್ನೊಂದು ಭಯ ತಾರೀಖಿನದ್ದು. ಟೈಲರ್‌ಗಳ ‘ನಾಳೆ ಬನ್ನಿ’ ಯಾರಿಗೆ ಗೊತ್ತಿಲ್ಲ? ಸೀಮಂತದ ಹಿಂದಿನ ದಿನ ಅಂಗಡಿ ಮುಂದೆ ನಿಂತು, ಇನ್ನೂ ತೋಳು ಕೂರಿಸದ ಬ್ಲೌಸ್ ನೋಡಿ ಕಣ್ಣಲ್ಲಿ ನೀರು ಹಾಕಿದವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಿಮ್ಮ ಪೇಜು ಮಾಡಬೇಕಾದ ಕೆಲಸ ಅಂದರೆ ಈ ಎರಡು ಭಯ ಕಳೆಯುವುದು. ಪೋಸ್ಟ್ ಹಾಕುವಾಗಲೆಲ್ಲಾ ‘ಇದು ನೋಡಿದರೆ ಗೊತ್ತಿಲ್ಲದವರೊಬ್ಬರು ನನ್ನ ಕೈಗೆ ಒಳ್ಳೆಯ ಬಟ್ಟೆ ಕೊಡುತ್ತಾರಾ?’ ಅಂತ ಕೇಳಿಕೊಳ್ಳಿ. ಹೌದು ಅನ್ನಿಸದಿದ್ದರೆ ಅದು ನಿಮ್ಮ ಖುಷಿಗೆ ಹಾಕಿದ ಪೋಸ್ಟ್. ಅದನ್ನೂ ಹಾಕಿ, ಬೇಡ ಅನ್ನುವುದಿಲ್ಲ, ಅದರಿಂದ ವ್ಯಾಪಾರ ಕಾಯಬೇಡಿ ಅಷ್ಟೇ.

ಹಾಗಾದರೆ ಏನು ತೋರಿಸಬೇಕು? ಹ್ಯಾಂಗರ್‌ಗೆ ಹಾಕಿದ ಬ್ಲೌಸ್ ಫೋಟೊ ಕಡಿಮೆ ಮಾಡಿ. ಮೈಮೇಲೆ ಕೂತದ್ದು ತೋರಿಸಿ. ಅದೂ ತೆಳ್ಳಗಿನ ಹುಡುಗಿಯರದ್ದು ಮಾತ್ರ ಬೇಡ. ಐವತ್ತು ದಾಟಿದವರು, ತೋಳು ದಪ್ಪ ಇರುವವರು, ಬೆನ್ನು ಅಗಲ ಇರುವವರು, ಇವರೇ ನಿಮ್ಮ ಖಾಯಂ ಗಿರಾಕಿಗಳು, ಅವರಿಗೆ ತಮ್ಮಂಥವರ ಮೈಮೇಲೆ ಕೂತ ಬ್ಲೌಸ್ ಎಲ್ಲೂ ನೋಡಲು ಸಿಗುವುದಿಲ್ಲ. ಮುಖ ತೋರಿಸಬೇಕಾಗಿಲ್ಲ, ಬೆನ್ನು, ತೋಳು, ಕಂಕುಳ ಹತ್ತಿರ ಸುಕ್ಕಿಲ್ಲದೆ ಕೂತದ್ದು ಕಂಡರೆ ಸಾಕು. ಅವರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ ಹಾಕಿ. ಮದುಮಗಳ ಬ್ಲೌಸ್ ಅಂತೂ ಮದುವೆ ಮುಗಿಯುವ ತನಕ ಹಾಕಲೇಬೇಡಿ, ಎಷ್ಟೇ ಚೆನ್ನಾಗಿ ಬಂದಿದ್ದರೂ.

ಆಮೇಲೆ ಬ್ಲೌಸ್ ತಿರುಗಿಸಿ ಒಳಗಡೆ ತೋರಿಸಿ. ಲೈನಿಂಗ್ ಹೇಗೆ ಕೊಟ್ಟಿದ್ದೀರಿ, ಮುಂದೆ ದಪ್ಪ ಆದರೆ ಬಿಚ್ಚಿಕೊಳ್ಳಲು ಪಕ್ಕದಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದೀರಿ, ಓವರ್‌ಲಾಕ್ ಹೊಡೆದಿದ್ದೀರಾ, ಆರಿ ವರ್ಕ್ ಮಣಿ ಮೈಗೆ ಚುಚ್ಚದ ಹಾಗೆ ಹಿಂದೆ ಏನು ಕೊಟ್ಟಿದ್ದೀರಿ. ಇದಕ್ಕೆ 2 ಲಕ್ಷ ವ್ಯೂಸ್ ಬರುವುದಿಲ್ಲ. ಎಂಟುನೂರು ಬರಬಹುದು. ಆದರೆ ಸೀರೆ ಉಡುವ ಹೆಂಗಸು ಇದನ್ನು ನೋಡಿದರೆ ಇವರಿಗೆ ಕೆಲಸ ಗೊತ್ತು ಅನ್ನಿಸುತ್ತೆ. ಹಳೆಯ ಬ್ಲೌಸ್ ಬಿಗಿಯಾಗಿದ್ದನ್ನು ಸರಿಮಾಡಿದ್ದು, ಬೇರೆ ಕಡೆ ಹಾಳಾಗಿ ಬಂದದ್ದನ್ನು ರಿಪೇರಿ ಮಾಡಿದ್ದು ಹಾಕಿ (ಆ ಬೇರೆ ಕಡೆ ಯಾವುದು ಅಂತ ಮಾತ್ರ ಹೇಳಬೇಡಿ, ದಟ್ಟಗಳ್ಳಿ ಚಿಕ್ಕ ಊರು).

ತಾರೀಖಿನ ವಿಷಯಕ್ಕೆ ಒಂದು ಸುಲಭದ ದಾರಿ ಇದೆ. ಪ್ರತಿ ಸೋಮವಾರ ಸ್ಟೋರಿಯಲ್ಲಿ ಒಂದೇ ಸಾಲು ಹಾಕಿ: ‘ಈಗ ಕೊಟ್ಟರೆ ಸಾದಾ ಬ್ಲೌಸ್ ಇಂಥ ತಾರೀಖಿಗೆ, ಆರಿ ವರ್ಕ್ ಇಂಥ ತಾರೀಖಿಗೆ.’ ಇಷ್ಟೇ. ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತೆ, ಅದಕ್ಕೆ ಹೈಲೈಟ್‌ನಲ್ಲಿ ಸೇರಿಸಿಡಿ. ನಾಲ್ಕು ತಿಂಗಳು ಹೇಳಿದ ತಾರೀಖಿಗೆ ಕೊಟ್ಟು ನೋಡಿ, ನಿಮ್ಮ ಗಿರಾಕಿಗಳೇ ನಿಮ್ಮ ಪರವಾಗಿ ಮಾತಾಡುತ್ತಾರೆ. ಕೊಡಲು ಆಗದಿದ್ದರೆ ಈ ಪೋಸ್ಟ್ ಹಾಕಬೇಡಿ.

ರೇಟ್ ಬಗ್ಗೆ ನನ್ನ ಅಭಿಪ್ರಾಯ ಖಡಕ್. ‘ಡಿಎಂ ಮಾಡಿ’, ಅಂದರೆ ರೇಟ್ ಬೇಕಾದರೆ ಮೆಸೇಜ್ ಮಾಡಿ ಅನ್ನುವುದನ್ನು ಇವತ್ತೇ ಬಿಡಿ. ಪಕ್ಕದ ಅಂಗಡಿಯವರಿಗೆ ಗೊತ್ತಾಗುತ್ತೆ ಅಂತ ಮುಚ್ಚಿಡುತ್ತೀರಿ, ಆದರೆ ಅವರಿಗೆ ಆಗಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಗಿರಾಕಿಗೆ ಮಾತ್ರ. ಲೈನಿಂಗ್ ಬ್ಲೌಸ್ ಇಷ್ಟರಿಂದ ಶುರು, ಪ್ರಿನ್ಸೆಸ್ ಕಟ್ ಇಷ್ಟು, ಕುಚ್ಚು ಇಷ್ಟರಿಂದ ಇಷ್ಟು, ಆರಿ ವರ್ಕ್‌ಗೆ ಸಾದಾ, ಮಧ್ಯಮ, ಮದುಮಗಳದ್ದು ಅಂತ ಮೂರು ಫೋಟೊ ಮೂರು ರೇಟ್. ಒಂದು ಪೋಸ್ಟ್ ಮಾಡಿ ಪ್ರೊಫೈಲ್ ಮೇಲುಗಡೆ ಪಿನ್ ಮಾಡಿ. ಆಮೇಲೆ ಬರುವ ಮೆಸೇಜ್ ಕಡಿಮೆ ಆಗುತ್ತೆ, ಹೆದರಬೇಡಿ. ಬಂದ ಮೆಸೇಜ್ ಎಲ್ಲಾ ರೇಟ್ ನೋಡಿಯೇ ಬಂದದ್ದು ಅನ್ನುವುದು ನೆನಪಿರಲಿ.

ಬಯೋ, ಅಂದರೆ ಪ್ರೊಫೈಲ್‌ನಲ್ಲಿರುವ ಪರಿಚಯದ ಸಾಲು ಕೂಡ ಬದಲಾಯಿಸಿ. ‘ಡ್ರೀಮ್ಸ್ ಸ್ಟಿಚ್ಡ್ ವಿತ್ ಲವ್’ ಅಂತೆಲ್ಲಾ ಇದ್ದರೆ ತೆಗೆದುಹಾಕಿ, ‘ಬ್ಲೌಸ್, ಆರಿ ವರ್ಕ್, ಕುಚ್ಚು. ದಟ್ಟಗಳ್ಳಿ, ಮೈಸೂರು’ ಅಂತ ಬರೆದು, ಹತ್ತಿರದ ಗುರುತು, ಸಮಯ, ರಜೆ ಯಾವಾಗ, ವಾಟ್ಸಾಪ್ ಲಿಂಕ್ ಹಾಕಿ. ಪೇಜಿನ ಹೆಸರಿನ ಸಾಲಿನಲ್ಲೂ ‘ಬ್ಲೌಸ್ ಮೈಸೂರು’ ಅನ್ನುವ ಪದಗಳಿದ್ದರೆ ಹುಡುಕುವವರಿಗೆ ಸಿಗುತ್ತೆ.

ನೀವು ಕೇಳದೇ ಇದ್ದ ಒಂದು ವಿಷಯ ಹೇಳುತ್ತೇನೆ, ನನ್ನ ಪ್ರಕಾರ ಇಡೀ ಉತ್ತರದಲ್ಲಿ ಜಾಸ್ತಿ ಲಾಭ ತರುವುದು ಇದೇ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಇದೆಯಾ? ರಾಮಕೃಷ್ಣನಗರಕ್ಕೆ ಹೊಸದಾಗಿ ಬಾಡಿಗೆಗೆ ಬಂದವರು, ಮಗಳ ಮದುವೆ ಗೊತ್ತಾದವರು ಇನ್‌ಸ್ಟಾಗ್ರಾಮ್ ತೆರೆದು ಟೈಲರ್ ಹುಡುಕುವುದಿಲ್ಲ. ‘ಬ್ಲೌಸ್ ಟೈಲರ್ ನಿಯರ್ ಮಿ’ ಅಂತ ಗೂಗಲ್‌ನಲ್ಲಿ ಹೊಡೆಯುತ್ತಾರೆ, ಇಲ್ಲದಿದ್ದರೆ ಮೈಕ್ ಒತ್ತಿ ಕೇಳುತ್ತಾರೆ. ರೀಲ್ ನೋಡುವವರಿಗೆ ಸದ್ಯಕ್ಕೆ ಬ್ಲೌಸ್ ಬೇಕಾಗಿರುವುದಿಲ್ಲ, ಸುಮ್ನೆ ನೋಡುತ್ತಿರುತ್ತಾರೆ. ಮ್ಯಾಪ್‌ನಲ್ಲಿ ಹುಡುಕುವವರ ಕೈಯಲ್ಲಿ ಬಟ್ಟೆ ಇರುತ್ತೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದೆ, ಪೂರ್ತಿ ಫ್ರೀ. ಅಂಗಡಿ ನಿಜವಾಗಿ ಇದೆಯಾ ಅಂತ ನೋಡಲು ಈಗ ಹೆಚ್ಚಾಗಿ ವಿಡಿಯೊ ಕೇಳುತ್ತಾರೆ. ರಸ್ತೆಯಿಂದ ಶುರು ಮಾಡಿ, ಬೋರ್ಡ್ ತೋರಿಸಿ, ಬಾಗಿಲು ತೆಗೆದು ಒಳಗೆ ಹೋಗಿ, ಮಿಷನ್, ಆರಿ ಸ್ಟ್ಯಾಂಡ್ ಎಲ್ಲಾ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ತೆಗೆಯಿರಿ. ಬೋರ್ಡ್ ಇಲ್ಲದಿದ್ದರೆ ಮೊದಲು ಚಿಕ್ಕದಾದರೂ ಒಂದು ಬೋರ್ಡ್ ಮಾಡಿಸಿ.

ಮೇಲೆ ಯಾರನ್ನು ತೋರಿಸಬೇಕು ಅನ್ನುವುದಕ್ಕೆ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತೆ: ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಎಷ್ಟು ಹೊಂದುತ್ತೆ, ಎಷ್ಟು ಹತ್ತಿರ ಇದ್ದೀರಿ, ನಿಮ್ಮ ಹೆಸರು ಎಷ್ಟು ಜನಕ್ಕೆ ಗೊತ್ತು. ದೂರ ನಿಮ್ಮ ಕೈಯಲ್ಲಿಲ್ಲ. ಉಳಿದ ಎರಡು ಇದೆ. ಅದಕ್ಕೇ ರಿವ್ಯೂ ಬೇಕು. ಬ್ಲೌಸ್ ಹಾಕಿ ನೋಡಿ ಕನ್ನಡಿ ಮುಂದೆ ಖುಷಿಯಾಗಿ ನಿಂತಿರುತ್ತಾರಲ್ಲ, ಆಗಲೇ ‘ಅಕ್ಕಾ, ಗೂಗಲ್‌ನಲ್ಲಿ ಎರಡು ಸಾಲು ಬರೆದುಬಿಡಿ’ ಅಂತ ಕೇಳಿ, ಲಿಂಕ್ ವಾಟ್ಸಾಪ್ ಮಾಡಿ. ಕನ್ನಡದಲ್ಲಿ ಬರೆದರೂ ನಡೆಯುತ್ತೆ. ಆದರೆ ರಿವ್ಯೂ ಬರೆದರೆ ಫಾಲ್ ಫ್ರೀ, ಹತ್ತು ಪರ್ಸೆಂಟ್ ಕಡಿಮೆ ಅಂತೆಲ್ಲಾ ಹೇಳಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ, ರಿವ್ಯೂ ತೆಗೆದುಹಾಕುತ್ತಾರೆ. ಯಾರಾದರೂ ಕೆಟ್ಟದಾಗಿ ಬರೆದರೆ ಜಗಳಕ್ಕೆ ಹೋಗಬೇಡಿ. ‘ತೋಳು ಬಿಗಿಯಾಗಿದ್ದರೆ ತನ್ನಿ, ಸರಿಮಾಡಿಕೊಡುತ್ತೇನೆ’ ಅಂತ ಬರೆಯಿರಿ. ನಿಮ್ಮ ಉತ್ತರವನ್ನು ಓದುವವರು ಆ ಒಬ್ಬರಲ್ಲ, ಮುಂದೆ ಬರಬೇಕೋ ಬೇಡವೋ ಅಂತ ನೋಡುತ್ತಿರುವವರು.

ವಾಟ್ಸಾಪ್ ಬಿಸಿನೆಸ್ 2018ರಿಂದ ಇದೆ, ನೀವು ಬಳಸುತ್ತಿರಬಹುದು. ಇಲ್ಲದಿದ್ದರೆ ಅಂಗಡಿಗೆ ಬೇರೆಯೇ ಸಿಮ್ ತಗೊಂಡು ಶುರುಮಾಡಿ, ಮನೆ ನಂಬರ್ ಊರಿಗೆಲ್ಲಾ ಹಂಚಬೇಡಿ. ಅದರಲ್ಲಿ ಕ್ಯಾಟಲಾಗ್ ಇದೆ, ಡಿಸೈನ್ ಫೋಟೊ ರೇಟ್ ಸಮೇತ ಹಾಕಿಡಬಹುದು. ಲೇಬಲ್ ಇದೆ, ‘ಅಳತೆ ಬಂದಿದೆ’, ‘ಟ್ರಯಲ್’, ‘ರೆಡಿ’ ಅಂತ ಗುರುತು ಮಾಡಿಕೊಂಡರೆ ಯಾರದು ಎಲ್ಲಿಗೆ ಬಂತು ಅಂತ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಬ್ಲೌಸ್ ಮುಗಿದ ತಕ್ಷಣ ಒಂದು ಒಳ್ಳೆ ಫೋಟೊ ತೆಗೆದು ಅವರಿಗೆ ಕಳಿಸಿ. ಅವರು ಅದನ್ನು ತಮ್ಮ ಸ್ಟೇಟಸ್‌ಗೆ ಹಾಕುತ್ತಾರೆ, ಅತ್ತಿಗೆ ನಾದಿನಿಯರು ನೋಡಿ ‘ಎಲ್ಲಿ ಹೊಲಿಸಿದ್ದು?’ ಅಂತಾರೆ. ಆ ಫೋಟೊದ ಮೂಲೆಯಲ್ಲಿ ನಿಮ್ಮ ಅಂಗಡಿ ಹೆಸರು, ನಂಬರ್ ಚಿಕ್ಕದಾಗಿ ಇರಲಿ. ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿ) ಮಾಡುತ್ತೀರಾದರೆ ಒಂದಕ್ಕೆ 256 ಜನ ಮಾತ್ರ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತೆ. ಹಾಗಾಗಿ ಅಳತೆ ತಗೊಳ್ಳುವಾಗಲೇ ‘ನಂಬರ್ ಸೇವ್ ಮಾಡಿಕೊಳ್ಳಿ, ರೆಡಿ ಆದಾಗ ಮೆಸೇಜ್ ಬರುತ್ತೆ’ ಅಂತ ಹೇಳಿ. ದಿನಾ ಗುಡ್ ಮಾರ್ನಿಂಗ್ ಕಳಿಸಿದರೆ ಬ್ಲಾಕ್ ಮಾಡುತ್ತಾರೆ.

ಇಷ್ಟು ಆದ ಮೇಲೆ ಬೂಸ್ಟ್. ಮಾಡಿ, ಆದರೆ ಆ ನೀಲಿ ಬಟನ್ ಒತ್ತಿ ಅದು ಹೇಳಿದ್ದಕ್ಕೆಲ್ಲಾ ಓಕೆ ಅನ್ನಬೇಡಿ. ಏನು ಬೇಕು ಅಂತ ಕೇಳಿದಾಗ ಪ್ರೊಫೈಲ್ ವಿಸಿಟ್ ಅಲ್ಲ, ಮೆಸೇಜ್ ಅಂತ ಆರಿಸಿ, ಅದೂ ವಾಟ್ಸಾಪ್‌ಗೆ ಬರುವ ಹಾಗೆ. ಜಾಗ ಕೇಳಿದಾಗ ಕರ್ನಾಟಕ ಅಂತಲೂ ಬೇಡ, ಮೈಸೂರು ಅಂತ ಇಡೀ ಊರೂ ಬೇಡ. ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಗೆ ಪಿನ್ ಇಟ್ಟು ಸುತ್ತ ಐದು ಕಿಲೋಮೀಟರ್ ಅಂತ ಹಾಕಿ. ಜಾಹೀರಾತಿಗೆ ಹಾಕುವ ವಿಡಿಯೊ ಆ ಆರಿ ಸೂಜಿಯದ್ದು ಬೇಡ. ನೀವೇ ಮುಂದೆ ನಿಂತು, ನೀವು ಮಾತಾಡುವ ಹಾಗೇ ಕನ್ನಡದಲ್ಲಿ ಹೇಳಿ: ಅಂಗಡಿ ಎಲ್ಲಿದೆ, ಏನು ಹೊಲಿಯುತ್ತೀರಿ, ರೇಟ್ ಎಷ್ಟರಿಂದ, ಎಷ್ಟು ದಿನಕ್ಕೆ ಕೊಡುತ್ತೀರಿ. ಮೊದಲ ಎರಡು ಸೆಕೆಂಡಿನಲ್ಲೇ ‘ದಟ್ಟಗಳ್ಳಿ’ ಅನ್ನುವ ಪದ ಬರಲಿ. ಆ ಕಡೆಯವರು ಬೆರಳು ನಿಲ್ಲಿಸುವುದು ತಮ್ಮ ಏರಿಯಾ ಹೆಸರು ಕೇಳಿಯೇ.

ದಿನಕ್ಕೆ 200 ರೂಪಾಯಿ, ಐದು ದಿನ. ಸಾವಿರ ಆಯಿತು, ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್ ಸೇರಿ 1,180. ಆಮೇಲೆ ನಿಮ್ಮ ಆರ್ಡರ್ ಪುಸ್ತಕದಲ್ಲಿ ಹೊಸ ಹೆಸರು ಬರೆಯುವಾಗಲೆಲ್ಲಾ ‘ನಮ್ಮ ಅಂಗಡಿ ಹೇಗೆ ಗೊತ್ತಾಯಿತು?’ ಅಂತ ಕೇಳಿ, ಪಕ್ಕದಲ್ಲೇ ಇನ್‌ಸ್ಟಾ, ಗೂಗಲ್, ಪರಿಚಯದವರು ಅಂತ ಒಂದು ಪದ ಬರೆದುಕೊಳ್ಳಿ. ನಾಲ್ಕು ಜನ ಬಂದರು ಅಂತಿಟ್ಟುಕೊಳ್ಳಿ, ಒಬ್ಬರಿಗೆ 295 ರೂಪಾಯಿ ಬಿತ್ತು. ಒಂದೇ ಬ್ಲೌಸ್ ನೋಡಿದರೆ ನಷ್ಟ ಅನ್ನಿಸಬಹುದು. ಅವರು ವರ್ಷಕ್ಕೆ ಆರು ಬ್ಲೌಸ್ ಕೊಡುವವರಾದರೆ ಅಗ್ಗ. ನಾಲ್ಕರಲ್ಲಿ ಎಷ್ಟು ಜನ ಎರಡನೇ ಸಲ ಬಂದರು ಅನ್ನುವುದೇ ನಿಜವಾದ ಲೆಕ್ಕ, ಲೈಕ್ ಅಲ್ಲ.

ಯಾವಾಗ ದುಡ್ಡು ಹಾಕಬೇಕು ಅನ್ನುವುದು ಎಷ್ಟು ಹಾಕಬೇಕು ಅನ್ನುವುದಕ್ಕಿಂತ ಮುಖ್ಯ. ಎಲ್ಲರೂ ದಸರಾ, ಮದುವೆ ಸೀಸನ್‌ನಲ್ಲಿ ಜಾಹೀರಾತು ಹಾಕುತ್ತಾರೆ. ಆಗ ನಿಮ್ಮ ಹತ್ತಿರ ಹೊಲಿಯಲು ಕೈ ಎಲ್ಲಿದೆ? ಮೂರು ಜನ ಸೇರಿ ವಾರಕ್ಕೆ ಎಷ್ಟು ಬ್ಲೌಸ್ ಮುಗಿಸುತ್ತೀರಿ ಅಂತ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಬಂದರೆ ತಾರೀಖು ತಪ್ಪುತ್ತೆ, ರಿವ್ಯೂ ಕೆಡುತ್ತೆ, ದುಡ್ಡು ಕೊಟ್ಟು ಹೆಸರು ಕೆಡಿಸಿಕೊಂಡ ಹಾಗೆ ಆಗುತ್ತೆ. ಪುಸ್ತಕ ತುಂಬಿದಾಗ ಜಾಹೀರಾತು ನಿಲ್ಲಿಸಿಬಿಡಿ, ಯಾವಾಗ ಬೇಕಾದರೂ ನಿಲ್ಲಿಸಬಹುದು. ದುಡ್ಡು ಹಾಕಬೇಕಾದದ್ದು ಆಷಾಢದಲ್ಲಿ. ಮದುವೆ ಇರುವುದಿಲ್ಲ, ಮಿಷನ್ ಖಾಲಿ ಇರುತ್ತೆ. ಆದರೆ ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗುವ ಹೆಂಗಸರಿಗೆ ಮುಂದಿನ ತಿಂಗಳು ವರಮಹಾಲಕ್ಷ್ಮಿ, ಆಮೇಲೆ ಗೌರಿ ಹಬ್ಬ ಅನ್ನುವುದು ತಲೆಯಲ್ಲಿ ಇದ್ದೇ ಇರುತ್ತೆ. ‘ಆಷಾಢದಲ್ಲೇ ಕೊಡಿ, ವರಮಹಾಲಕ್ಷ್ಮಿಗೆ ಒಂದು ವಾರ ಮುಂಚೆ ಕೈಗೆ’ ಅಂತ ಹಾಕಿ ನೋಡಿ. ಹಬ್ಬದ ಶುಭಾಶಯದ ಪೋಸ್ಟ್‌ಗಿಂತ ಇದು ಎಷ್ಟೋ ವಾಸಿ.

ಮೈಸೂರಿನ ದೊಡ್ಡ ಪೇಜ್‌ನವರನ್ನು ಕರೆಸಿ ರೀಲ್ ಮಾಡಿಸಬಹುದಾ ಅಂತ ನೀವು ಮುಂದೆ ಕೇಳುತ್ತೀರಿ, ಗೊತ್ತು. ಹೋಟೆಲ್‌ಗೆ ಅದು ಕೆಲಸ ಮಾಡುತ್ತೆ, ಭಾನುವಾರ ಒಂದು ದೋಸೆ ತಿಂದು ಬರಲು ಜನ ಊರ ಆ ತುದಿಯಿಂದಲೂ ಬರುತ್ತಾರೆ. ಬ್ಲೌಸ್‌ಗೆ ಬರುವುದಿಲ್ಲ. ಮಾಡಿಸಲೇಬೇಕು ಅಂದರೆ ಅವರ ಫಾಲೋವರ್ಸ್‌ನಲ್ಲಿ ಮೈಸೂರಿನ ಹೆಂಗಸರು ಎಷ್ಟು ಅಂತ ಇನ್‌ಸೈಟ್ಸ್ ಸ್ಕ್ರೀನ್‌ಶಾಟ್ ಕೇಳಿ. ದುಡ್ಡು ತಗೊಂಡು ಮಾಡಿದ್ದನ್ನು ಜಾಹೀರಾತು ಅಂತ ಹೇಳಲೇಬೇಕು ಅನ್ನುವ ಮಾರ್ಗಸೂಚಿ 2021ರಿಂದ ಇದೆ, ಅದಕ್ಕೆ ಒಪ್ಪದವರು ಬೇಡ.

8 ಸಾವಿರದವರ ವಿಷಯ. ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ಆದರೆ ಸಾಮಾನ್ಯವಾಗಿ ಆ ದುಡ್ಡಿಗೆ ಸಿಗುವುದು ತಿಂಗಳಿಗೆ ಹನ್ನೆರಡು ಡಿಸೈನ್ ಪೋಸ್ಟ್, ಅದರಲ್ಲಿ ನಾಲ್ಕು ಹಬ್ಬದ ಶುಭಾಶಯ, ಎರಡು ಇಂಟರ್ನೆಟ್‌ನಿಂದ ತೆಗೆದ ಬೇರೆಯವರ ಬ್ಲೌಸ್. ನಿಮ್ಮ ಅಂಗಡಿಯಲ್ಲಿ ಇವತ್ತು ಏನು ಹೊಲಿದಿರಿ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಅದೇ ದುಡ್ಡಿಗೆ ಹುಕ್ಸ್, ಹೆಮ್ಮಿಂಗ್ ಮಾಡಲು ಮಧ್ಯಾಹ್ನ ಬರುವ ಒಬ್ಬರನ್ನು ಇಟ್ಟುಕೊಳ್ಳಿ. ನಿಮಗೆ ದಿನಾ ಅರ್ಧ ಗಂಟೆ ಬಿಡುವು ಸಿಗುತ್ತೆ, ಆ ಅರ್ಧ ಗಂಟೆಯಲ್ಲಿ ಪೇಜು, ವಾಟ್ಸಾಪ್, ಗೂಗಲ್ ಮೂರೂ ನೋಡಿಕೊಳ್ಳಬಹುದು. ಮುಂದೆ ಯಾರಿಗಾದರೂ ಕೊಡುವುದಾದರೂ ಪಾಸ್‌ವರ್ಡ್ ಕೊಡಬೇಡಿ. ಪೇಜ್ ನಿಮ್ಮ ಹೆಸರಿನಲ್ಲೇ ಇರಲಿ, ಪೂರ್ತಿ ಹಿಡಿತ ನಿಮ್ಮದು, ಅವರಿಗೆ ಪೋಸ್ಟ್ ಹಾಕುವಷ್ಟು ಅಧಿಕಾರ ಮಾತ್ರ. ಫೇಸ್‌ಬುಕ್ ಪೇಜ್ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಅವಕಾಶ ಇದೆ. ಬೇರೆಯವರು ತಮ್ಮ ಅಕೌಂಟ್‌ನಿಂದ ಪೇಜ್ ಮಾಡಿಕೊಟ್ಟು, ಆಮೇಲೆ ಜಗಳವಾಗಿ ಪೇಜೇ ಕೈಬಿಟ್ಟುಹೋದ ಅಂಗಡಿಗಳು ನಮ್ಮೂರಲ್ಲೇ ಬೇಕಾದಷ್ಟಿವೆ.

ಫೇಸ್‌ಬುಕ್ ತೆಗೆಯಬೇಡಿ. ನಿಮ್ಮ ಗಿರಾಕಿಗಳಲ್ಲಿ ದುಡ್ಡು ಕೊಡುವ ವಯಸ್ಸಿನವರು, ಅಂದರೆ ಮಗಳ ಮದುವೆಗೆ ಹತ್ತು ಬ್ಲೌಸ್ ಒಟ್ಟಿಗೆ ಕೊಡುವವರು, ಇನ್ನೂ ಅಲ್ಲೇ ಇದ್ದಾರೆ. ಇನ್‌ಸ್ಟಾಗ್ರಾಮ್ ಜೊತೆ ಜೋಡಿಸಿಬಿಟ್ಟರೆ ಒಂದೇ ಸಲಕ್ಕೆ ಎರಡೂ ಕಡೆ ಪೋಸ್ಟ್ ಹೋಗುತ್ತೆ, ಬೇರೆ ಕೆಲಸವೇನಿಲ್ಲ. ವಿಳಾಸ, ನಂಬರ್ ಮಾತ್ರ ಸರಿಯಾಗಿರಲಿ.

ಆ ಹನ್ನೊಂದು ಸಾವಿರವನ್ನು ಸುಮ್ನೆ ಬಿಡಬೇಕಾ? ಬೇಡ. ಅವರು ಕಲಿಯುವವರು ಅಂತ ಕಾಮೆಂಟ್‌ನಲ್ಲಿ ಗೊತ್ತಾದರೆ ಆಷಾಢದಲ್ಲಿ ಆರಿ ಕ್ಲಾಸ್ ಇಟ್ಟು ನೋಡಿ. ದೂರದ ಊರಿನವರಿಗೆ ಹೊಲಿಯದೇ ಇರುವ, ಕುತ್ತಿಗೆ ತೋಳಿಗೆ ವರ್ಕ್ ಮಾಡಿದ ಬ್ಲೌಸ್ ಪೀಸ್ ಮಾರಬಹುದು. ಅಳತೆ ತಲೆನೋವು ನಿಮ್ಮದಲ್ಲ, ಅವರ ಟೈಲರ್ ಹೊಲಿಯುತ್ತಾರೆ.

ರೀಲ್‌ಗೆ ಸಿನಿಮಾ ಹಾಡು ಹಾಕುವಾಗ ಸ್ವಲ್ಪ ನೋಡಿಕೊಳ್ಳಿ. ಬಿಸಿನೆಸ್ ಅಕೌಂಟ್‌ಗೆ ಎಲ್ಲಾ ಹಾಡು ಸಿಗುವುದಿಲ್ಲ, ಬೇರೆ ಕಡೆಯಿಂದ ಸೇರಿಸಿದರೆ ಧ್ವನಿ ಮ್ಯೂಟ್ ಆಗಬಹುದು. ನಿಮ್ಮ ಮಾತು, ಮಿಷನ್ ಸದ್ದು ಇದ್ದರೆ ಸಾಕು. ಇನ್ನು, ಪೇಜು ಚೆನ್ನಾಗಿ ನಡೆಯುತ್ತಿದ್ದ ಹಾಗೆ ‘ನಿಮ್ಮ ಪೇಜ್ 24 ಗಂಟೆಯಲ್ಲಿ ಬಂದ್ ಆಗುತ್ತೆ, ಈ ಲಿಂಕ್ ಒತ್ತಿ’ ಅಂತ ಕಂಪನಿಯವರ ಹೆಸರಿನಲ್ಲೇ ಮೆಸೇಜ್ ಬರುತ್ತೆ. ಒತ್ತಬೇಡಿ, ಟು ಫ್ಯಾಕ್ಟರ್ (ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಒಂದು ಕೋಡ್ ಕೂಡ ಕೇಳುವ ವ್ಯವಸ್ಥೆ) ಈಗಲೇ ಆನ್ ಮಾಡಿಡಿ. ಇಪ್ಪತ್ತು ಬ್ಲೌಸ್ ಒಟ್ಟಿಗೆ ಬೇಕು, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅನ್ನುವವರೂ ಬರುತ್ತಾರೆ. ಯುಪಿಐ ಪಿನ್ ಬೇಕಾಗುವುದು ನಮ್ಮ ದುಡ್ಡು ಹೋಗುವಾಗ, ಬರುವಾಗಲ್ಲ. ದುಡ್ಡು ಬಂತು ಅಂತ ಸ್ಕ್ರೀನ್‌ಶಾಟ್ ತೋರಿಸಿದರೂ ಬ್ಯಾಂಕ್ ಅಕೌಂಟ್ ನೋಡಿಯೇ ಬಟ್ಟೆ ಕತ್ತರಿಸಿ. ಹಾಗೂ ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.